ಲ್ಯಾಪ್‌ಟಾಪ್‌ಗೆ ಒಳಗಿನ ಹಾರ್ಡ್ ಡಿಸ್ಕ್ ಕಾಣಿಸುತ್ತಿಲ್ಲ. ಡಿಸ್ಕ್ ಹೋಗಿದೆ ಅಂತಲೇ ಅರ್ಥವಾ?

ನಿಮ್ಮ ಪ್ರಶ್ನೆ ಇಷ್ಟು: ಆರು ವರ್ಷದ ಲ್ಯಾಪ್‌ಟಾಪ್. ಎರಡು ದಿನದಿಂದ ಆನ್ ಮಾಡಿದರೆ ಕಪ್ಪು ಪರದೆ, 'ನೋ ಬೂಟಬಲ್ ಡಿವೈಸ್' (ವಿಂಡೋಸ್ ಶುರು ಮಾಡಲು ಡಿಸ್ಕ್ ಸಿಗುತ್ತಿಲ್ಲ) ಅನ್ನುವ ಸಂದೇಶ. ಅಂಗಡಿಯವರು ಡಿಸ್ಕ್ ಸತ್ತಿದೆ, ಹೊಸದು ಹಾಕಿಸಿ ಅಂದರು. ಒಳಗೆ ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳಿವೆ.

ಹೊಸ ಡಿಸ್ಕ್‌ಗೆ ಈಗಲೇ ದುಡ್ಡು ಕೊಡಬೇಡಿ. ನನಗೂ ಹೀಗೇ ಆಗಿತ್ತು. ಕೊನೆಗೆ ನೋಡಿದರೆ ಡಿಸ್ಕ್ ಚೆನ್ನಾಗಿಯೇ ಇತ್ತು. ಹೋಗಿದ್ದು ಅದನ್ನು ಮದರ್‌ಬೋರ್ಡ್‌ಗೆ (ಒಳಗಿನ ಮುಖ್ಯ ಬೋರ್ಡ್) ಸೇರಿಸುವ ಒಂದು ಸಣ್ಣ ಕೇಬಲ್.

ಮೊದಲು ಕಿವಿಗೊಟ್ಟು ಕೇಳಿ. ನಿಮ್ಮದು ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕ್ ಆಗಿದ್ದು, ಆನ್ ಮಾಡಿದಾಗ ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಡೇಟಾ ಓದುವ ಒಳಗಿನ ಹೆಡ್ ಕೆಟ್ಟಿದ್ದರೆ ಪ್ರತಿ ಸಲವೂ ಅದು ಡೇಟಾ ಇರುವ ತಟ್ಟೆಯನ್ನು ಗೀಚುವ ಅಪಾಯ ಇದೆ. ಆಗ ಮನೆಯಲ್ಲಿ ಪ್ರಯೋಗ ಬೇಡ, ನೇರವಾಗಿ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ.

ಸದ್ದು ಇಲ್ಲದಿದ್ದರೆ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆಗೆ, ಹೋಗಿ. ಆನ್ ಮಾಡಿದ ಕೂಡಲೇ ಎಫ್2 ಒತ್ತುತ್ತಿರಿ. ಕೆಲವು ಕಂಪನಿಗಳಲ್ಲಿ ಅದು ಎಫ್10, ಕೆಲವದರಲ್ಲಿ ಡಿಲೀಟ್. ಅಲ್ಲಿ ಡಿಸ್ಕ್‌ನ ಮಾಡೆಲ್ ನಂಬರ್ ಕಾಣಿಸಿದರೆ ಸ್ವಲ್ಪ ಉಸಿರಾಡಬಹುದು. ಬೂಟ್ ಆರ್ಡರ್ (ಯಾವ ಡಿಸ್ಕ್‌ನಿಂದ ಮೊದಲು ಶುರುವಾಗಬೇಕು ಅನ್ನುವ ಕ್ರಮ) ಬದಲಾಗಿರಬಹುದು, ವಿಂಡೋಸ್ ಫೈಲುಗಳು ಕೆಟ್ಟಿರಬಹುದು. ಅದು ಬೇರೆಯದೇ ರಿಪೇರಿ.

ಇನ್ನೊಂದು ಮಾತು, ಇದು ನಿಮ್ಮದಕ್ಕಿಂತ ಹೊಸ ಲ್ಯಾಪ್‌ಟಾಪ್ ಇರುವವರಿಗೆ. ಇಂಟೆಲ್ 11ನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಇದ್ದು, ಬಯೋಸ್‌ನಲ್ಲಿ ಕಾಣುವ ಡಿಸ್ಕ್ ವಿಂಡೋಸ್ ಹಾಕುವಾಗ ಮಾತ್ರ ಕಾಣದಿದ್ದರೆ, ಅದಕ್ಕೆ ಕಾರಣ ಹೆಚ್ಚಾಗಿ ಡಿಸ್ಕ್‌ಗಳನ್ನು ನಿಭಾಯಿಸುವ ವಿಎಂಡಿ ಅನ್ನುವ ಬಯೋಸ್ ಸೆಟ್ಟಿಂಗ್. ಇಂಟೆಲ್ ಆರ್‌ಎಸ್‌ಟಿ ಡ್ರೈವರ್ (ಇಂಥ ಡಿಸ್ಕ್ ಗುರುತಿಸಲು ಬೇಕಾದ ಸಾಫ್ಟ್‌ವೇರ್) ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ವಿಂಡೋಸ್ ಹಾಕುವ ಪರದೆಯಲ್ಲಿ 'ಲೋಡ್ ಡ್ರೈವರ್' ಒತ್ತಿ ಅದನ್ನು ಆರಿಸಿದರೆ ಡಿಸ್ಕ್ ಪಟ್ಟಿಯಲ್ಲಿ ಬರುತ್ತದೆ. ಈಗಾಗಲೇ ವಿಂಡೋಸ್ ಓಡುತ್ತಿರುವ ಯಂತ್ರದಲ್ಲಿ ವಿಎಂಡಿಯನ್ನು ಸುಮ್ನೆ ಆಫ್ ಮಾಡಬೇಡಿ, ನೀಲಿ ಪರದೆ ಬಂದು ಕೂರುತ್ತದೆ.

ಬಯೋಸ್‌ನಲ್ಲೂ ಕಾಣದಿದ್ದರೆ ಚಾರ್ಜರ್ ತೆಗೆಯಿರಿ, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಇಷ್ಟಕ್ಕೇ ಡಿಸ್ಕ್ ವಾಪಸ್ ಬಂದದ್ದೂ ಇದೆ. ಬರದಿದ್ದರೆ ಹಿಂದಿನ ಮುಚ್ಚಳ ಬಿಚ್ಚಬೇಕು. ಬಿಚ್ಚಿದ ಮೇಲೆ ಮೊದಲು ಒಳಗಿನ ಬ್ಯಾಟರಿಯ ಕನೆಕ್ಟರ್ ಕಳಚಿ.

ನನ್ನದರಲ್ಲಿ ಕಂಡದ್ದು ಹೇಳುತ್ತೇನೆ. ಡಿಸ್ಕ್‌ನಿಂದ ಬೋರ್ಡ್‌ಗೆ ಹೋಗುವ ತೆಳ್ಳನೆಯ ಪಟ್ಟಿ ಕೇಬಲ್ ಇತ್ತು, ಎರಡು ಬೆರಳು ಅಗಲ. ಅದು ಮಡಚಿಕೊಂಡು ತಿರುಗುವ ಜಾಗದಲ್ಲಿ ಕೂದಲೆಳೆಯಂಥ ಬಿಳಿ ಗೆರೆ. ಟಾರ್ಚ್ ಹಿಡಿದು ಓರೆಯಾಗಿ ನೋಡಿದಾಗಷ್ಟೇ ಕಂಡಿತು. ಆಗ ನೆನಪಾಯಿತು, ಕೆಲವು ವಾರಗಳಿಂದ ಲ್ಯಾಪ್‌ಟಾಪಿನ ಎಡ ಮೂಲೆ ಹಿಡಿದು ಎತ್ತಿದರೆ ಸಾಕು, ಯಂತ್ರ ಹಾಗೇ ನಿಂತುಬಿಡುತ್ತಿತ್ತು. ನಾನದನ್ನು ವಿಂಡೋಸ್ ತೊಂದರೆ ಅಂದುಕೊಂಡಿದ್ದೆ. ನಿಮಗೂ ಹೀಗೆ ಎತ್ತಿದಾಗ, ಅಲುಗಿಸಿದಾಗ ನಿಲ್ಲುತ್ತಿತ್ತಾ? ನಿಲ್ಲುತ್ತಿದ್ದರೆ ಕೇಬಲ್ ಮೇಲೆಯೇ ನನ್ನ ಅನುಮಾನ ಜಾಸ್ತಿ.

ಕೇಬಲ್ ಇಲ್ಲದೆ ಉದ್ದನೆಯ ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಇದ್ದರೆ, ಸ್ಕ್ರೂ ಬಿಚ್ಚಿ, ಹೊರಗೆ ತೆಗೆದು, ಓರೆಯಾಗಿ ಪೂರ್ತಿ ಒಳಗೆ ಕೂರುವಂತೆ ಮತ್ತೆ ತಳ್ಳಿ. ಅರ್ಧ ಮಿಲಿಮೀಟರ್ ಹೊರಗಿದ್ದರೂ ಕಾಣಿಸಿಕೊಳ್ಳದೆ ಹೋಗಬಹುದು.

ಈಗ ಮುಖ್ಯವಾದ ಪರೀಕ್ಷೆ. ಅಂಗಡಿಯವರು ಇದನ್ನು ಮಾಡಿದ್ದಾರಾ ಅಂತ ಕೇಳಿ. ಡಿಸ್ಕ್ ಹೊರಗೆ ತೆಗೆದು, ಸಾಟಾದಿಂದ (ಡಿಸ್ಕ್‌ನ ಕನೆಕ್ಟರ್ ಬಗೆ) ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಹಾಕಿ, ಬೇರೆ ಕಂಪ್ಯೂಟರ್‌ಗೆ ಸೇರಿಸಿ ನೋಡಬೇಕು. 2.5 ಇಂಚಿನ ಡಿಸ್ಕ್‌ಗೆ ಸಾಮಾನ್ಯವಾಗಿ ಯುಎಸ್‌ಬಿಯ ಕರೆಂಟೇ ಸಾಕು. ಎಂ.2 ಆದರೆ ಅದು ಸಾಟಾನಾ, ಎನ್‌ವಿಎಂಇ ಅನ್ನುವ ಇನ್ನೊಂದು ಬಗೆಯಾ ಅಂತ ಲೇಬಲ್ ಓದಿ, ಅದಕ್ಕೆ ಹೊಂದುವ ಯುಎಸ್‌ಬಿ ಪೆಟ್ಟಿಗೆಯನ್ನೇ ತನ್ನಿ. ಬೆಂಗಳೂರಿನಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಹುಡುಕಿ. ಇಂಥ ಸಾಮಾನಿಗೆ ಹೊಸ ಡಿಸ್ಕ್‌ನಷ್ಟು ದುಡ್ಡು ಬೇಕಿಲ್ಲ.

ಸೇರಿಸಿದಾಗ 'ಫಾರ್ಮ್ಯಾಟ್ ಮಾಡಬೇಕಾ' ಅಂತ ಕೇಳಿದರೆ ದಯವಿಟ್ಟು ಬೇಡ ಅನ್ನಿ. ಚೆಕ್‌ಡಿಸ್ಕ್ (ಡಿಸ್ಕ್‌ನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್ ಪರೀಕ್ಷೆ) ಕೂಡ ಈಗ ಬೇಡ. ಸೋತ ಡಿಸ್ಕ್‌ಗೆ ಅದು ಇನ್ನಷ್ಟು ಹೊರೆ. ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗವಾದ ಬಿಟ್‌ಲಾಕರ್‌ನ ಕೀ ಕೇಳಿದರೆ ಹೆದರಬೇಡಿ. ಆ 48 ಅಂಕಿಯ ಕೀ ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಉಳಿದಿರುತ್ತದೆ.

ಅಲ್ಲೂ ಡಿಸ್ಕ್ ಕಾಣದಿದ್ದರೆ ಅಂಗಡಿಯವರ ಮಾತು ನಿಜವಿರಬಹುದು. ಆಗಲೂ ಹಳೆಯದನ್ನು ಅವರ ಹತ್ತಿರ ಬಿಟ್ಟು ಬರಬೇಡಿ, ಡೇಟಾ ರಿಕವರಿಯವರಿಂದ ಒಳಗಿನ ಫೋಟೋಗಳನ್ನು ವಾಪಸ್ ಪಡೆಯುವ ಪ್ರಯತ್ನ ಇನ್ನೂ ಬಾಕಿ ಇದೆ. ಬೇರೆ ಕಂಪ್ಯೂಟರ್‌ನಲ್ಲಿ ಡಿಸ್ಕ್ ಕಂಡರೆ ಲ್ಯಾಪ್‌ಟಾಪಿನ ಕೇಬಲ್ ಮೇಲೆ ಅಚ್ಚಾಗಿರುವ ಪಾರ್ಟ್ ನಂಬರ್ ಬರೆದುಕೊಂಡು, ಅದೇ ನಂಬರಿನದನ್ನು ತರಿಸಿ. ಅದು ಬರುವಷ್ಟರಲ್ಲಿ ಮಗಳ ಫೋಟೋಗಳನ್ನು ಎರಡು ಕಡೆ ಕಾಪಿ ಮಾಡಿ, ನಾಲ್ಕಾರು ತೆರೆದು ನೋಡಿ. ಆಮೇಲೆಯೇ ಡಿಸ್ಕ್ ಅನ್ನು ಮತ್ತೆ ಒಳಗೆ ಕೂರಿಸಿ.