ಪ್ರತಿಕ್ರಿಯೆ: ಮಲಪ್ರಭಾ ದಂಡೆಯ ಹಳೇ ಕಾಡು ಉಳಿಸೋದು ಹೇಗೆ?

ಖಾನಾಪುರದ ಹತ್ತಿರ ಹೊಳೆದಂಡೆಯ ಹಳೇ ಹೊಳೆಮತ್ತಿ ಮರ ಕಡಿಯುತ್ತಿದ್ದಾರೆ, ಅರಣ್ಯ ಇಲಾಖೆಯವರು "ನಮ್ಮದಲ್ಲ" ಅಂತಾರೆ ಅಂದಿದ್ದೀರಿ. ಬಹುಶಃ ಆ ಜಾಗ ದಾಖಲೆಯಲ್ಲಿ ಅರಣ್ಯ ಅಂತ ಇಲ್ಲ, ಕಂದಾಯ ಇಲಾಖೆಯ ಖರಾಬು (ಸಾಗುವಳಿಗೆ ಬಾರದ್ದು ಅಂತ ಬರೆದ ಜಮೀನು) ಇರಬೇಕು. ನಮ್ಮೂರಿನ ದಂಡೆಯಲ್ಲೂ ಹೀಗೇ ಆಗಿತ್ತು.

ಮೊದಲು ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. ಮುಂದಿನ ದಾರಿ ಅದರ ಮೇಲೆ. ಸರ್ಕಾರಿ ಜಾಗವಾದರೆ 'ಸಂರಕ್ಷಣಾ ಮೀಸಲು' ಅನ್ನೋ ರಕ್ಷಿತ ಪ್ರದೇಶವಾಗಿ ಘೋಷಿಸಿ ಅಂತ ಕೇಳಬಹುದು. ಖಾಸಗಿಯಾಗಿದ್ದು ಮಾಲೀಕರು ಒಪ್ಪಿದರೆ 'ಸಮುದಾಯ ಮೀಸಲು'. ಎರಡೂ 1972ರ ವನ್ಯಜೀವಿ ಕಾಯ್ದೆಯಲ್ಲಿವೆ. ನನಗೆ ಜಾಸ್ತಿ ಸರಿ ಅನಿಸೋದು ಜೀವವೈವಿಧ್ಯ ಪಾರಂಪರಿಕ ತಾಣ, ಅಂದರೆ ವಿಶೇಷ ಜೀವವೈವಿಧ್ಯ ಇರುವ ಜಾಗಕ್ಕೆ ರಾಜ್ಯ ಸರ್ಕಾರ ಕೊಡುವ ಮಾನ್ಯತೆ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿಗೆ 2007ರಲ್ಲಿ ಸಿಕ್ಕಿದ್ದು ಇದೇ. ಚಿಕ್ಕ ಜಾಗಕ್ಕೂ ಆಗುತ್ತೆ.

ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಠರಾವು ಮಾಡಿಸಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ಕಳಿಸಿ. ಸುಮ್ನೆ "ಹಳೇ ಕಾಡು" ಅಂದರೆ ಸಾಲದು, ಪುರಾವೆ ಬೇಕು. ಎದೆಮಟ್ಟದಲ್ಲಿ ಟೇಪು ಸುತ್ತಿ ಒಂದೊಂದು ಮರದ ಸುತ್ತಳತೆ ಬರೆದುಕೊಳ್ಳಿ. ಸುಲಿಯುವ ಬಿಳಿಚು ತೊಗಟೆ, ಐದು ರೆಕ್ಕೆಯ ಕಾಯಿ, ದಂಡೆಯ ಮಣ್ಣು ಹಿಡಿದು ನಿಂತ ಬೇರು, ಹಕ್ಕಿ ಗೂಡಿರುವ ಪೊಟರೆ, ಎಲ್ಲದರ ಫೋಟೊ ತೆಗೀರಿ.

ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತೆ. ಮರ ಅಷ್ಟು ದಿನ ಉಳಿಯಬೇಕಲ್ವಾ? ಕಡಿಯುತ್ತಿರುವುದರ ಬಗ್ಗೆ ಇವತ್ತೇ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ.