ಟ್ಯೂಲಿಪ್ ಹೂವಿನ ಗೆರೆಗಳನ್ನು ಕವಿ ಎಣಿಸಬೇಕೆ?

“ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸಾಹಿತ್ಯ ಬುದ್ಧಿಯದು, ಅದರ ಬೆನ್ನಿಗೆ ಬಂದ ರಮ್ಯ ಸಾಹಿತ್ಯ ಭಾವದ್ದು ಎಂದು ನೋಟ್ಸ್‌ನಲ್ಲಿ ಎರಡು ಅಂಕಣ ಮಾಡಿ ಕೊಟ್ಟಿದ್ದಾರೆ. ಮೂಲ ಕವಿತೆಗಳನ್ನು ಓದಿದರೆ ಹಾಗೆ ಕಾಣುತ್ತಿಲ್ಲ. ನಿಜವಾಗಿ ಬದಲಾದದ್ದು ಏನು? ಎಲ್ಲಿಂದ ಓದಲು ಶುರು ಮಾಡಲಿ?” ಎಂದು ಕೇಳಿದ್ದೀರಿ.

ನೋಟ್ಸ್ ಬದಿಗಿಟ್ಟು ಕವಿತೆಯನ್ನು ನಂಬಿದ್ದೀರಲ್ಲ, ಅದಕ್ಕೆ ಮೊದಲು ಸಂತೋಷ. ಆ ಎರಡು ಅಂಕಣಗಳನ್ನು ನಾನೂ ಬಾಯಿಪಾಠ ಮಾಡಿ ಪಾಸಾದವನು. ಆಮೇಲೆ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದೆ. ಮೊದಲ ಕೆಲವು ವರ್ಷ ಅವೇ ಅಂಕಣಗಳನ್ನು ಕಪ್ಪು ಹಲಗೆಯ ಮೇಲೆ ಬರೆದೆ. ಈಗ ಅದಕ್ಕಾಗಿ ಬೇಸರವಿದೆ. ಆ ಮಕ್ಕಳಿಗೆ ಹೇಳಬೇಕಾಗಿದ್ದುದನ್ನು ನಿಮಗೆ ಹೇಳುತ್ತೇನೆ.

ಬುದ್ಧಿಯ ಯುಗದವರಿಗೆ ಭಾವ ಕಡಿಮೆಯಿತ್ತು ಎಂಬ ಮಾತು ಸ್ಯಾಮ್ಯುಯೆಲ್ ಜಾನ್ಸನ್‌ನ ಬದುಕಿನ ಮುಂದೆ ಒಂದು ಕ್ಷಣವೂ ನಿಲ್ಲುವುದಿಲ್ಲ. 1755ರಲ್ಲಿ ಇಂಗ್ಲಿಷಿಗೆ ದೊಡ್ಡ ನಿಘಂಟು ಕೊಟ್ಟವನು ಅವನು. 1759ರಲ್ಲಿ ತಾಯಿ ತೀರಿಕೊಂಡಾಗ ಆಕೆಯ ಅಂತ್ಯಕ್ರಿಯೆಯ ಖರ್ಚಿಗಾಗಿ ಒಂದೇ ವಾರದ ಸಂಜೆಗಳಲ್ಲಿ ‘ರಾಸೆಲಸ್’ ಎಂಬ ಕಥೆಯನ್ನು ಬರೆದ ಎಂದು ಅವನ ಜೀವನಚರಿತ್ರೆ ಬರೆದ ಬಾಸ್ವೆಲ್ ಹೇಳುತ್ತಾನೆ. ಇನ್ನು ರಮ್ಯ ಕವಿಗಳು ಬುದ್ಧಿಯನ್ನು, ವಿಜ್ಞಾನವನ್ನು ದೂರವಿಟ್ಟರು ಎಂಬುದು. ಅದಕ್ಕೆ ಎಲ್ಲರೂ ಕೊಡುವ ಸಾಕ್ಷಿ 1817ರ ಡಿಸೆಂಬರ್ 28ರ ಒಂದು ಊಟ. ಚಿತ್ರಕಾರ ಹೇಡನ್‌ನ ಮನೆಯಲ್ಲಿ ವರ್ಡ್ಸ್‌ವರ್ತ್, ಕೀಟ್ಸ್ ಎಂಬ ಕವಿಗಳೂ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬನೂ ಸೇರಿದ್ದರು. ನ್ಯೂಟನ್ ಕಾಮನಬಿಲ್ಲನ್ನು ಗಾಜಿನ ಪಟ್ಟಕಕ್ಕೆ ಇಳಿಸಿ ಅದರ ಕಾವ್ಯವನ್ನೇ ಕೊಂದ ಎಂದು ಲ್ಯಾಂಬನೂ ಕೀಟ್ಸನೂ ಒಪ್ಪಿಕೊಂಡರು. ನಡೆದದ್ದು ನಿಜವೇ. ಆದರೆ ಆ ಕೀಟ್ಸ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯ ಕಲಿತು 1816ರಲ್ಲಿ ಪರವಾನಗಿ ಪಡೆದವನು. ಕವಿ ಕೋಲ್‌ರಿಜ್ ತನ್ನ ಗೆಳೆಯ, ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋಗಿ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ರಮ್ಯ ಕಾವ್ಯದ ಮೊದಲ ಪುಸ್ತಕವೆಂದು ನಾವು ಕರೆಯುವ ‘ಲಿರಿಕಲ್ ಬ್ಯಾಲಡ್ಸ್’ನ ಎರಡನೆಯ ಮುದ್ರಣಕ್ಕೆ ಅಲ್ಪವಿರಾಮ, ಪೂರ್ಣವಿರಾಮ ತಿದ್ದಿಕೊಡಲು ವರ್ಡ್ಸ್‌ವರ್ತ್ ಕೇಳಿಕೊಂಡದ್ದು ಇದೇ ಡೇವಿಯನ್ನು.

ಹಾಗಾದರೆ ಬದಲಾದದ್ದು ಏನು? ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದು.

‘ರಾಸೆಲಸ್’ನಲ್ಲಿ ಇಮ್ಲಾಕ್ ಎಂಬ ಕವಿ ತನ್ನ ಕಸುಬಿನ ಬಗ್ಗೆ ಮಾತನಾಡುತ್ತಾನೆ. ಕವಿ ನೋಡಬೇಕಾದದ್ದು ಬಿಡಿ ಜೀವಿಯನ್ನಲ್ಲ, ಅದರ ಕುಲವನ್ನು. ಅವನು ಟ್ಯೂಲಿಪ್ ಹೂವಿನ ಗೆರೆಗಳನ್ನು ಎಣಿಸುವುದಿಲ್ಲ ಎನ್ನುತ್ತಾನೆ. ಸುಮಾರು ಐವತ್ತು ವರ್ಷದ ಮೇಲೆ ಕವಿ ವಿಲಿಯಂ ಬ್ಲೇಕ್, ಜಾನ್ಸನ್‌ನ ಗೆಳೆಯ, ಚಿತ್ರಕಾರ ರೆನಾಲ್ಡ್ಸ್‌ನ ಕಲಾ ಉಪನ್ಯಾಸಗಳನ್ನು ಓದುತ್ತಾ ಪುಟದ ಅಂಚಿನಲ್ಲಿ ಸಿಟ್ಟಿನಿಂದ ಬರೆದ: ಸಾಮಾನ್ಯೀಕರಿಸುವವನು ಮೂರ್ಖ, ಬಿಡಿಯಾಗಿ ಕಾಣಿಸುವುದೊಂದೇ ಯೋಗ್ಯತೆಯ ಗುರುತು. ನಿಮ್ಮ ಎರಡು ಅಂಕಣಗಳ ಜಾಗದಲ್ಲಿ ಈ ಎರಡು ಮಾತುಗಳನ್ನು ಇಟ್ಟುಕೊಳ್ಳಿ. ಇಡೀ ಶತಮಾನದ ಜಗಳ ಇಲ್ಲಿದೆ.

ಕನ್ನಡ ಓದಿದವರಿಗೆ ಇದು ಹೊಸದಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿ ಅಷ್ಟಾದಶ ವರ್ಣನೆಗಳಿದ್ದವು: ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ. ಸಮುದ್ರ ಕಂಡಿರಲಿ ಬಿಡಲಿ, ಮಹಾಕಾವ್ಯ ಬರೆದವನು ಸಮುದ್ರವನ್ನು ವರ್ಣಿಸಬೇಕು. ಕಂಡಿದ್ದರೂ ಕವಿಸಮಯ, ಅಂದರೆ ಕವಿಗಳ ರೂಢಿ, ಒಪ್ಪಿದ ಸಮುದ್ರವನ್ನೇ ವರ್ಣಿಸಬೇಕು. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕವಿಗಳಿಗೂ ಅಂಥದೇ ಒಂದು ಕವಿಸಮಯವಿತ್ತು. ಮೀನು ಎನ್ನುವ ಬದಲು ‘ಈಜುರೆಕ್ಕೆಯ ಕುಲ’ ಎನ್ನುವುದು, ಸೂರ್ಯ ಎನ್ನುವ ಬದಲು ‘ಫೀಬಸ್’ ಎನ್ನುವುದು. ಇದರ ಹಿಂದೆ ಸೋಮಾರಿತನವಿರಲಿಲ್ಲ, ಒಂದು ನಂಬಿಕೆಯಿತ್ತು: ಎಲ್ಲ ಮನುಷ್ಯರ ಒಳಗೂ ಇರುವುದು ಒಂದೇ ವಿವೇಕ, ಕವಿ ಮಾತನಾಡಬೇಕಾದದ್ದು ಆ ಎಲ್ಲರಿಗೂ ಸಲ್ಲುವ ಮಾತನ್ನು. ಆ ನಂಬಿಕೆಯನ್ನು ಹಗುರವಾಗಿ ಕಾಣಬೇಡಿ. 1792ರಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಹೆಣ್ಣಿನ ಹಕ್ಕುಗಳಿಗಾಗಿ ವಾದಿಸಿದ್ದು ಅದೇ ನೆಲದ ಮೇಲೆ ನಿಂತು; ವಿವೇಕ ಎಲ್ಲರಿಗೂ ಒಂದೇ ಆದರೆ ಹೆಣ್ಣಿಗೇಕೆ ಬೇರೆ ಶಿಕ್ಷಣ ಎಂದು ಕೇಳಿದಳು. ಅದಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನ ಕ್ರಾಂತಿಯನ್ನು ವಿರೋಧಿಸಿದ ಬರ್ಕ್, ಅಮೂರ್ತವಾದ ಮಾನವ ಹಕ್ಕುಗಳಿಗಿಂತ ಒಂದು ದೇಶದ ಜನ ಪೂರ್ವಿಕರಿಂದ ಪಡೆದ ನಿರ್ದಿಷ್ಟ ಹಕ್ಕುಗಳೇ ಮೇಲು ಎಂದಿದ್ದ. ಬಿಡಿಯನ್ನು ಹಿಡಿದವರೆಲ್ಲ ಬಡವರ ಪಕ್ಷ, ಸಾಮಾನ್ಯವನ್ನು ಹಿಡಿದವರೆಲ್ಲ ದೊರೆಗಳ ಪಕ್ಷ ಎಂದುಕೊಂಡರೆ ಇನ್ನೊಂದು ತಪ್ಪು ಕೋಷ್ಟಕ ಸಿದ್ಧವಾಗುತ್ತದೆ.

ಈ ಜಗಳವನ್ನು ಹತ್ತಿರದಿಂದ ನೋಡಬೇಕಾದರೆ ಹದಿನೆಂಟನೆಯ ಶತಮಾನದ ಕವಿ ಥಾಮಸ್ ಗ್ರೇಯ ಒಂದು ಸುನೀತ ಸಾಕು. ಗ್ರೇಗೆ ಶಾಲೆಯ ದಿನಗಳಿಂದ ರಿಚರ್ಡ್ ವೆಸ್ಟ್ ಎಂಬ ಆಪ್ತ ಗೆಳೆಯನಿದ್ದ. 1742ರ ಜೂನ್ ಮೊದಲಿಗೆ ಗ್ರೇ ಅವನಿಗೆ ವಸಂತದ ಮೇಲೊಂದು ಕವನ ಬರೆದು ಕಳಿಸಿದ. ಅಷ್ಟರಲ್ಲಿ ಗೆಳೆಯ ತೀರಿಕೊಂಡಿದ್ದ, ವಯಸ್ಸು ಇಪ್ಪತ್ತೈದು. ಆ ದುಃಖದಲ್ಲಿ ಬರೆದ ಹದಿನಾಲ್ಕು ಸಾಲುಗಳನ್ನು ಗ್ರೇ ಬದುಕಿರುವವರೆಗೆ ಅಚ್ಚು ಹಾಕಿಸಲಿಲ್ಲ. ಅವು ಹೊರಬಂದದ್ದು 1775ರಲ್ಲಿ. ನಗುವ ಬೆಳಗುಗಳು ನನಗೆ ವ್ಯರ್ಥವಾಗಿ ಹೊಳೆಯುತ್ತವೆ, ಕೆಂಪೇರಿದ ಫೀಬಸ್ ತನ್ನ ಹೊನ್ನ ಬೆಂಕಿಯನ್ನು ಎತ್ತುತ್ತಾನೆ, ಹಕ್ಕಿಗಳು ಒಲವಿನ ರಾಗ ಕೂಡಿಸುತ್ತವೆ, ಹೊಲಗಳು ಹಸಿರುಡುತ್ತವೆ ಎಂದು ಶುರು. ನಡುವೆ, ಈ ಕಣ್ಣುಗಳು ಬೇರೊಂದನ್ನು ಬೇಡುತ್ತವೆ, ನನ್ನ ಒಂಟಿ ಸಂಕಟ ನನ್ನೆದೆಯೊಂದನ್ನೇ ಕರಗಿಸುತ್ತದೆ ಎಂಬ ಮಾತು. ಮತ್ತೆ ಬೆಳಗು, ಹೊಲ, ಹಕ್ಕಿ. ಕೊನೆಗೆ: ಕೇಳಿಸಿಕೊಳ್ಳಲಾರದವನಿಗಾಗಿ ಮರುಗುತ್ತೇನೆ, ಅಳುವುದು ವ್ಯರ್ಥವೆಂದೇ ಇನ್ನಷ್ಟು ಅಳುತ್ತೇನೆ.

‘ಲಿರಿಕಲ್ ಬ್ಯಾಲಡ್ಸ್’ನ 1800ರ ಮುದ್ರಣದ ಮುನ್ನುಡಿಯಲ್ಲಿ ವರ್ಡ್ಸ್‌ವರ್ತ್ ಇದೇ ಸುನೀತವನ್ನು ಪೂರ್ತಿ ಕೊಟ್ಟು, ಐದು ಸಾಲುಗಳನ್ನು ಮಾತ್ರ ಓರೆ ಅಕ್ಷರದಲ್ಲಿ ಅಚ್ಚು ಹಾಕಿಸಿದ. ಬೆಲೆಯುಳ್ಳವು ಇವು ಮಾತ್ರ ಎಂದ. ಫೀಬಸ್ ಹೋದ, ಹಕ್ಕಿ ಹೋಯಿತು, ಹೊಲ ಹೋಯಿತು. ಗದ್ಯದಲ್ಲಿ ಹೇಗೆ ಹೇಳುತ್ತಿದ್ದೆವೋ ಹಾಗೆಯೇ ಹೇಳಿದ ದುಃಖದ ಮಾತು ಉಳಿಯಿತು. ಕಾವ್ಯದ ಭಾಷೆಗೂ ಗದ್ಯದ ಭಾಷೆಗೂ ಮೂಲತಃ ಭೇದವಿಲ್ಲ ಎಂಬ ಅವನ ವಾದಕ್ಕೆ ಇದು ಸಾಕ್ಷಿ. ಕಾಲೇಜಿನ ಗ್ರಂಥಾಲಯದ ಪ್ರತಿಯಲ್ಲಿ ಇದನ್ನು ಮೊದಲು ಓದಿದಾಗ ನಾನು ಮೈಮರೆತು ಒಪ್ಪಿದೆ. ವರ್ಷಗಟ್ಟಲೆ ಹಾಗೆಯೇ ಕಲಿಸಿದೆ.

ನನ್ನ ತಂದೆ ಹೋದ ಮೇಲೆ ಅಭಿಪ್ರಾಯ ಬದಲಾಯಿತು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ, ಹೊಸ್ತಿಲ ಬಳಿ ಹಾಲಿನ ಪ್ಯಾಕೆಟ್ ಎಂದಿನಂತೆ ಎರಡು ಬಂದಿದ್ದವು. ಬೀದಿಯಲ್ಲಿ ರಂಗೋಲಿ, ಶಾಲೆಯ ಮಕ್ಕಳು, ಹಿತವಾದ ಬಿಸಿಲು. ಅವತ್ತು ಗ್ರೇಯ ಮೊದಲ ಸಾಲುಗಳೇ ನೆನಪಾದವು, ವರ್ಡ್ಸ್‌ವರ್ತ್ ಹೊಡೆದುಹಾಕಿದ ಸಾಲುಗಳು. ಲೋಕ ತನ್ನ ಅಲಂಕಾರಗಳನ್ನೆಲ್ಲ ತೊಟ್ಟು ನಡೆದೇ ಇರುತ್ತದೆ, ಅದರ ನಡುವೆ ಒಬ್ಬನು ಮಾತು ಕಳೆದುಕೊಂಡು ನಿಂತಿರುತ್ತಾನೆ. ಒಂಬತ್ತು ಸಾಲಿನ ಆಡಂಬರವಿಲ್ಲದಿದ್ದರೆ ಐದು ಸಾಲಿನ ಒಂಟಿತನ ಎಲ್ಲಿ ಕಾಣಬೇಕು? ‘ವ್ಯರ್ಥ’ ಎಂದು ಶುರುವಾದ ಕವಿತೆ ‘ವ್ಯರ್ಥ’ ಎಂದೇ ಮುಗಿಯುತ್ತದೆ, ಗಮನಿಸಿ. ಕವಿಸಮಯದ ಭಾಷೆಗೆ ಏನು ಸಾಧ್ಯವೆಂದು ಗ್ರೇಗೆ ಚೆನ್ನಾಗಿ ಗೊತ್ತಿತ್ತು. ಈ ಒಂದು ವಿಷಯದಲ್ಲಿ ವರ್ಡ್ಸ್‌ವರ್ತ್ ಅನ್ಯಾಯ ಮಾಡಿದ ಎಂದೇ ನನ್ನ ತೀರ್ಮಾನ.

ಬಿಡಿಯಾಗಿ ನೋಡುವ ಈ ಕಣ್ಣು ರಮ್ಯ ಕವಿಗಳಿಗೆ ಬಂದದ್ದು ಎಲ್ಲಿಂದ? ಅವರು ಎದುರು ನಿಂತರು ಎನ್ನಲಾಗುವ ಜ್ಞಾನೋದಯದಿಂದಲೇ, ಅಂದರೆ ಆ ಬುದ್ಧಿಯ ಯುಗದಿಂದಲೇ. ಹ್ಯಾಂಪ್‌ಶೈರ್‌ನ ಸೆಲ್ಬರ್ನ್ ಎಂಬ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯಿದ್ದ. ನೋಡಲು ಹೆಚ್ಚುಕಡಿಮೆ ಒಂದೇ ತರಹವಿರುವ ಮೂರು ಸಣ್ಣ ಹಕ್ಕಿಗಳನ್ನು ಅವುಗಳ ಕೂಗು ಕೇಳಿ ಬೇರೆ ಬೇರೆ ಎಂದು ಗುರುತಿಸಿದವನು. ಅವನ ಪುಸ್ತಕ 1789ರಲ್ಲಿ ಬಂತು. ಕೋಲ್‌ರಿಜ್ ಅದನ್ನು ಓದಿ ಅಂಚಿನಲ್ಲಿ ಟಿಪ್ಪಣಿ ಬರೆದಿದ್ದಾನೆ. ಕವಿಗಳಿಗೆ ‘ಗರಿಯುಳ್ಳ ಮೇಳ’ವಾಗಿದ್ದ ಹಕ್ಕಿಗಳು ವೈಟ್‌ನ ಕಿವಿಯಲ್ಲಿ ಮೂರು ಬೇರೆ ಹಾಡುಗಳಾದವು.

ನಿಮ್ಮ ನೋಟ್ಸ್‌ನಲ್ಲಿ ಬಹುಶಃ ಇಲ್ಲದ ಹೆಸರು ಷಾರ್ಲಟ್ ಸ್ಮಿತ್. ಗಂಡ ಸಾಲಕ್ಕಾಗಿ ಜೈಲು ಸೇರಿದಾಗ ಅವನ ಜೊತೆ ಅಲ್ಲಿದ್ದು, ಮಕ್ಕಳನ್ನು ಸಾಕಲು ಬರವಣಿಗೆಗೆ ಕೈಹಾಕಿದವಳು. 1784ರಲ್ಲಿ ಅವಳ ಸುನೀತಗಳು ಬಂದವು. 1791ರಲ್ಲಿ ಫ್ರಾನ್ಸಿಗೆ ಹೊರಟ ಇಪ್ಪತ್ತೊಂದರ ವರ್ಡ್ಸ್‌ವರ್ತ್ ದಾರಿಯಲ್ಲಿ ಬ್ರೈಟನ್ನಿನಲ್ಲಿ ಅವಳನ್ನು ಕಂಡು ಹೋದ. ಅವಳು ಸತ್ತ ಮರುವರ್ಷ, 1807ರಲ್ಲಿ ಅಚ್ಚಾದ ‘ಬೀಚಿ ಹೆಡ್’ ಎಂಬ ದೀರ್ಘ ಕವಿತೆಯಲ್ಲಿ ಕಡಲ ಬಂಡೆಯ ಮೇಲಿನ ಒಂದೊಂದು ಗಿಡಕ್ಕೂ ಹೆಸರಿದೆ, ಅಡಿಟಿಪ್ಪಣಿಯಲ್ಲಿ ಅದರ ಲ್ಯಾಟಿನ್ ಹೆಸರೂ ಇದೆ. ಸುಣ್ಣದ ಕಲ್ಲಿನಲ್ಲಿ ಸಿಕ್ಕ ಕಡಲ ಚಿಪ್ಪುಗಳನ್ನು ಹಿಡಿದು, ಈ ಗುಡ್ಡ ಒಮ್ಮೆ ಸಮುದ್ರದ ತಳವಾಗಿತ್ತೇ ಎಂದು ಕವಿತೆ ಕೇಳುತ್ತದೆ. ಇದನ್ನು ನಿಮ್ಮ ಯಾವ ಅಂಕಣದಲ್ಲಿ ಬರೆಯುತ್ತೀರಿ?

ಬಿಡಿಯಾಗಿ ನೋಡುವುದು ಹೂವು ಹಕ್ಕಿಗಳಿಗೆ ಮುಗಿಯಲಿಲ್ಲ. 1788ರ ಕಾಯಿದೆಯೊಂದು ಹೊಗೆಗೂಡು ಗುಡಿಸುವ ಹುಡುಗರಿಗೆ ಎಂಟು ವರ್ಷವಾದರೂ ಆಗಿರಬೇಕು ಎಂದು ಹೇಳಿತ್ತು. ಮರುವರ್ಷ ಬ್ಲೇಕ್ ಅಚ್ಚು ಹಾಕಿದ ಕವಿತೆಯಲ್ಲಿ ಮಾತನಾಡುವ ಹುಡುಗ ಅದಕ್ಕೂ ಎಳೆಯವನು. ‘ಸ್ವೀಪ್’ ಎಂದು ಬೀದಿಯಲ್ಲಿ ಕೂಗಬೇಕಾದ ಅವನ ನಾಲಿಗೆಗೆ ‘ವೀಪ್’ ಎಂದಷ್ಟೇ ಹೊರಡುತ್ತದೆ, ಅಂದರೆ ಅಳು. ಅವನ ಜೊತೆಗಾರನಿಗೆ ಟಾಮ್ ಡೇಕರ್ ಎಂಬ ಹೆಸರಿದೆ. ಕುರಿಮರಿಯ ಬೆನ್ನಿನಂತೆ ಸುರುಳಿಯಾಗಿದ್ದ ಅವನ ಕೂದಲನ್ನು ಬೋಳಿಸುವಾಗ ಅವನು ಅತ್ತ. ಗ್ರೇಯ ಪ್ರಸಿದ್ಧ ಶೋಕಗೀತೆಯಲ್ಲಿ ಹಳ್ಳಿಯ ಬಡವರು ಒಟ್ಟಾಗಿ, ಹೆಸರಿಲ್ಲದೆ ಮಲಗಿದ್ದರು. ಬ್ಲೇಕ್‌ನಲ್ಲಿ ಒಬ್ಬ ಹುಡುಗನ ತಲೆಗೂದಲು ಕಾಣುತ್ತದೆ.

ಈ ನೋಟಕ್ಕೆ ಅದರದೇ ಕುರುಡೂ ಇತ್ತು. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಡದಲ್ಲಿ ವರ್ಡ್ಸ್‌ವರ್ತ್ ಮತ್ತು ಅವನ ತಂಗಿ ಡೊರೋಥಿ ಡ್ಯಾಫೊಡಿಲ್ ಹೂಗಳನ್ನು ಕಂಡರು. ಕೆಲವು ಹೂಗಳು ದಣಿವಿಗೆ ದಿಂಬು ಸಿಕ್ಕಂತೆ ಪಾಚಿಗಟ್ಟಿದ ಕಲ್ಲುಗಳ ಮೇಲೆ ತಲೆಯಿಟ್ಟಿದ್ದವು, ಉಳಿದವು ಕುಣಿಯುತ್ತಿದ್ದವು ಎಂದು ಅವಳು ದಿನಚರಿಯಲ್ಲಿ ಬರೆದಳು. ಎರಡು ವರ್ಷದ ಮೇಲೆ ಅಣ್ಣ ಬರೆದ ಕವಿತೆಯಲ್ಲಿ ಕುಣಿತ ಉಳಿಯಿತು, ದಣಿದ ಹೂಗಳು ಬಿಟ್ಟುಹೋದವು. ಜೊತೆಗಿದ್ದ ತಂಗಿಯೂ ಬಿಟ್ಟುಹೋದಳು. ಅವನು ಮೋಡದಂತೆ ಒಂಟಿಯಾಗಿ ಅಲೆದ. ಬಿಡಿಯಾಗಿ ಕಾಣುವುದರಲ್ಲಿ ಆ ದಿನ ಹೆಚ್ಚು ಸೂಕ್ಷ್ಮವಾಗಿದ್ದವಳು ಅವಳೇ.

ನಮಗೂ ಇದರಲ್ಲಿ ಒಂದು ಪಾಲಿದೆ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ತೋರಿದ ದಾರಿಯಲ್ಲಿ ನವೋದಯದ ಭಾವಗೀತೆ ಬೆಳೆಯಿತು. ಕೋಗಿಲೆ, ಗಿಳಿ, ಹಂಸಗಳಿದ್ದ ಕಾವ್ಯಕ್ಕೆ ಕುವೆಂಪು ಅವರು ಕಾಜಾಣ, ಕಾಮಳ್ಳಿ, ಪಿಕಳಾರಗಳನ್ನು ಹೆಸರು ಹಿಡಿದು ಕರೆತಂದಾಗ ನಡೆದದ್ದು ಇಂಥದೇ ಬದಲಾವಣೆ.

ಎಲ್ಲಿಂದ ಶುರು ಮಾಡಲಿ ಎಂದಿರಿ. ಗ್ರೇಯ ಸುನೀತ ಮತ್ತು ವರ್ಡ್ಸ್‌ವರ್ತ್‌ನ ಮುನ್ನುಡಿಯನ್ನು ಒಟ್ಟಿಗೆ ಓದಿ. ಮುನ್ನುಡಿಯ 1802ರ ಪಾಠವನ್ನೇ ಹುಡುಕಿ. ರಸಾಯನಶಾಸ್ತ್ರಜ್ಞ, ಸಸ್ಯಶಾಸ್ತ್ರಜ್ಞರ ಶೋಧಗಳೂ ಒಂದು ದಿನ ಕವಿಯ ವಸ್ತುವಾಗಬಲ್ಲವು ಎಂಬ ಮಾತು ಅದರಲ್ಲಿದೆ. ಆಮೇಲೆ 1800ರ ‘ಮೈಕಲ್’. ಗ್ರಾಸ್ಮಿಯರ್ ಕಣಿವೆಯ ಮುದುಕ ಕುರಿಗಾಹಿಯೊಬ್ಬನ ಕಥೆ. ಸೋದರನ ಮಗನಿಗೆ ಜಾಮೀನು ನಿಂತು ಸಾಲ ಇವನ ತಲೆಗೆ ಬರುತ್ತದೆ. ಹೊಲ ಮಾರಲು ಮನಸ್ಸಾಗದೆ, ಹಣ ಗಳಿಸಿ ತರಲೆಂದು ಹದಿನೆಂಟರ ಒಬ್ಬನೇ ಮಗ ಲ್ಯೂಕ್‌ನನ್ನು ಪಟ್ಟಣಕ್ಕೆ ಕಳಿಸುತ್ತಾನೆ. ಹೊರಡುವ ಮುನ್ನ ತೊರೆಯ ಪಕ್ಕ ಕಟ್ಟಲಿರುವ ಕುರಿಹಟ್ಟಿಗೆ ಮಗನ ಕೈಯಿಂದ ಮೊದಲ ಕಲ್ಲು ಇಡಿಸುತ್ತಾನೆ. ಮಗ ಪಟ್ಟಣದಲ್ಲಿ ಕೆಟ್ಟು, ಕಡಲಾಚೆಗೆ ಓಡಿಹೋಗುತ್ತಾನೆ. ಸಣ್ಣ ಹಿಡುವಳಿಯ ಇಂಥ ರೈತರು ಅಳಿದುಹೋಗುತ್ತಿದ್ದಾರೆ ಎಂದು ವರ್ಡ್ಸ್‌ವರ್ತ್ ಪುಸ್ತಕದ ಜೊತೆ ರಾಜಕಾರಣಿ ಫಾಕ್ಸ್‌ಗೆ ಪತ್ರವನ್ನೂ ಬರೆದ. ಆದರೆ ಕವಿತೆಯಲ್ಲಿ ದೂರಿಲ್ಲ. ಮುದುಕ ಕಲ್ಲುರಾಶಿಯ ಬಳಿಗೆ ಹೋಗುತ್ತಿದ್ದ. ಎಷ್ಟೋ ದಿನ ಹೋಗಿ, ಒಂದು ಕಲ್ಲನ್ನೂ ಎತ್ತಲಿಲ್ಲ ಎಂದು ಊರವರು ಹೇಳುತ್ತಾರೆ. ಅಷ್ಟೇ.

ಐನೂರು ಸಾಲಿಗೂ ಕಡಿಮೆ, ಒಂದು ಸಂಜೆ ಸಾಕು. ಓದಿ, ಆ ಸಾಲಿನ ಬಗ್ಗೆ ನಿಮಗೇನನ್ನಿಸಿತು ಎಂದು ಇಲ್ಲೇ ಕೆಳಗೆ ಬರೆಯಿರಿ.