60 ಲೀಟರಿನ ತೊಟ್ಟಿಗೆ ಜುಹೂ ನೀರು ಬೇಡ

ಡೊಂಬಿವಲಿಯ ಮನೆಯಲ್ಲಿ 60 ಲೀಟರಿನ ಗಾಜಿನ ತೊಟ್ಟಿಗೆ ಮುಂಬಯಿಯ ಜುಹೂ ಕಡಲಿನ ನೀರನ್ನೇ ತುಂಬಿ, ಅದೇ ವಾರ ಎರಡು ಕ್ಲೌನ್ ಮೀನು (ಕಿತ್ತಳೆ ಮೈಮೇಲೆ ಬಿಳಿ ಪಟ್ಟೆಯ ಸಣ್ಣ ಕಡಲಮೀನು) ಬಿಡಬಹುದೇ ಎಂದು ಕೇಳಿದ್ದೀರಿ. ಎರಡೂ ಬೇಡ. ದಂಡೆಯ ನೀರಿನಲ್ಲಿ ನಗರದ ಕೊಳಚೆಯೂ ಸೇರಿರುತ್ತದೆ. ಮಳೆಗಾಲದಲ್ಲಂತೂ ಅದರ ಉಪ್ಪಿನಂಶವೇ ಇಳಿದುಹೋಗುತ್ತದೆ. ಆರ್‌ಓ ಫಿಲ್ಟರಿನಲ್ಲಿ ಶುದ್ಧವಾದ ನೀರಿಗೆ ಮರೀನ್ ಸಾಲ್ಟನ್ನು (ಕಡಲಮೀನಿನ ತೊಟ್ಟಿಗೆಂದೇ ಮಾರುವ ಉಪ್ಪು, ಅಡುಗೆ ಉಪ್ಪಲ್ಲ) ಲೀಟರಿಗೆ ಸುಮಾರು 35 ಗ್ರಾಂನಂತೆ ಬಕೆಟ್ಟಿನಲ್ಲೇ ಕರಗಿಸಿ, ಸಾಪೇಕ್ಷ ಸಾಂದ್ರತೆ (ಸಿಹಿನೀರಿಗೆ ಹೋಲಿಸಿದರೆ ಎಷ್ಟು ಪಟ್ಟು ಸಾಂದ್ರ ಎಂಬ ಅಳತೆ) 1.025ರ ಆಸುಪಾಸಿಗೆ ಬಂದ ಮೇಲಷ್ಟೇ ತೊಟ್ಟಿಗೆ ಸುರಿಯಿರಿ.

ಮೀನನ್ನು ಅದೇ ವಾರ ಬಿಡಬಾರದೇಕೆಂದರೆ, ಮೀನಿನ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾ ತೊಟ್ಟಿಯೊಳಗಿನ ಕಲ್ಲಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೀನಿಲ್ಲದ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತ, ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿಯುವವರೆಗೆ, ಅಂಗಡಿಯವರು ಎಷ್ಟೇ ಅವಸರಪಡಿಸಿದರೂ, ಕಾಯಿರಿ.

ನಮ್ಮ ಕಡೆ ನಿಜವಾದ ತಲೆನೋವು ಮೇ ತಿಂಗಳ ಸೆಕೆ. ನೀರು 26 ಡಿಗ್ರಿಯ ಸುತ್ತ ಇರಬೇಕು. ಸಣ್ಣ ಫ್ಯಾನನ್ನು ನೀರಿನ ಮೇಲ್ಮೈಗೆ ಬೀಸುವಂತೆ ಇಟ್ಟರೆ ತಕ್ಕಮಟ್ಟಿಗೆ ತಣಿಯುತ್ತದೆ, ಆದರೆ ನೀರು ಆವಿಯಾಗಿ ಉಪ್ಪು ಉಳಿಯುವುದರಿಂದ, ಗಾಜಿನ ಮೇಲೊಂದು ಗೆರೆ ಎಳೆದು ಪ್ರತಿದಿನ ಅಲ್ಲಿಯವರೆಗೆ ಉಪ್ಪು ಬೆರೆಸದ ಆರ್‌ಓ ನೀರನ್ನೇ ತುಂಬಬೇಕು.

ತೊಟ್ಟಿ ಹೀಗೆ ಸಿದ್ಧವಾದ ಮೇಲೆ ಕ್ಲೌನ್ ಜೋಡಿ, ಬೇಕಿದ್ದರೆ ಒಂದು ಸಣ್ಣ ಗೋಬಿ ಮೀನು, ಅಷ್ಟೇ. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ನೀಲಿ ಟ್ಯಾಂಗ್ ಮರಿ ಕಂಡು ಮನಸೋಲಬೇಡಿ. ಅದು ಒಂದು ಅಡಿಯಷ್ಟು ಬೆಳೆಯುವ ಮೀನು.